ನಾಲಿಗೆಯ ಮೇಲಿನ ಮಣ್ಣು

ಮಗು ಬಾಯಿ ತೆರೆಯುತ್ತಿಲ್ಲ ಎಂದು ಶ್ರೀಪ್ರಿಯಾ ಎರಡನೆಯ ಸಲ ಹೇಳಿದಾಗ ರಮಾಬಾಯಿ ವಾರ್ಡಿನ ಕಿಟಕಿಯ ಬಳಿ ನಿಂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಕೇಳಿಸದವಳಂತೆ ಮಡಿಸಿದಳು. ಮಡಿಸಿದ್ದನ್ನು ಕೊಡವಿ ಇನ್ನೊಮ್ಮೆ ಮಡಿಸಿದಳು. ಕೆಳಗೆ ಆಸ್ಪತ್ರೆಯ ಗೇಟಿನಾಚೆ ಪುರಸೈವಾಕ್ಕಂ ಕಡೆಗೆ ಹೊರಟ ಬಸ್ಸೊಂದು ಆಟೋದವನ ಬೆನ್ನಿಗೆ ನಿಂತು ಹಾರನ್ ಬಾರಿಸುತ್ತಲೇ ಇತ್ತು. ಆ ಸದ್ದಿಗೆ ಮಗು ಬೆಚ್ಚಬೇಕಿತ್ತು. ನಿನ್ನೆ ಬೆಚ್ಚಿತ್ತು, ಚಮಚ ಬಿದ್ದ ಸದ್ದಿಗೂ ಎರಡು ಕೈ ಮೇಲೆತ್ತಿ ಗಾಳಿಯನ್ನೇ ಹಿಡಿದುಕೊಳ್ಳಲು ನೋಡಿತ್ತು. ಇವತ್ತು ಸೊಸೆಯ ತೋಳಿನಲ್ಲಿ ಹಿಂಡದ ಬಟ್ಟೆಯ ಹಾಗೆ ಬಿದ್ದುಕೊಂಡಿದೆ ಎಂಬುದು ತಿರುಗಿ ನೋಡದೆಯೇ ಅವಳಿಗೆ ಗೊತ್ತಿತ್ತು. ಬೆಳಗ್ಗೆ ತೊಡೆಯ ಮೇಲೆ ಹಾಕಿಕೊಂಡಾಗಲೇ ಗೊತ್ತಾಗಿತ್ತು. ಆಗಲೇ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂಬ ಮಾತು ಬರುತ್ತದೆ. ಅದಕ್ಕೇ ಹೇಳಿರಲಿಲ್ಲ.

"ಅತ್ತೆ, ಸಿಸ್ಟರ್‌ನ ಕರೀರಿ. ಸೀಕ್ರಂ. ಇವಳು ನಿದ್ದೆ ಮಾಡ್ತಿರೋ ಹಾಗಿಲ್ಲ, ಏನೋ ಡಲ್ಲಾಗಿದಾಳೆ."

"ಹೆಣ್ಣು ಮಕ್ಕಳು ಹಾಗೇ ಕಣೇ, ಮಲಕ್ಕೊಂಡೇ ಇರ್ತಾವೆ. ಸ್ವಲ್ಪ ಹೊತ್ತು ನೋಡೋಣ," ಎಂದಳು ರಮಾಬಾಯಿ. ತನ್ನ ದನಿ ತನಗೇ ಪಕ್ಕದ ಮನೆಯವಳದ್ದೆಂಬಂತೆ ಕೇಳಿಸಿತು. ಸ್ವಲ್ಪ ಹೊತ್ತು ನೋಡಿ ಏನು ಮಾಡುವುದು? ಅಷ್ಟರಲ್ಲಿ ಎಲ್ಲ ಸರಿಹೋಗಿಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಸರಿಹೋಗದಿದ್ದರೆ ಎಂದು ಮನಸ್ಸು ಒಂದು ಹೆಜ್ಜೆ ಮುಂದಿಟ್ಟು, ಕಾದ ನೆಲ ಮೆಟ್ಟಿದಂತೆ ಹಿಂದಕ್ಕೆ ಬಂತು.

ನಿನ್ನೆ ಮಧ್ಯಾಹ್ನ ಸೊಸೆ ಹೊಲಿಗೆಯ ನೋವಿಗೆ ಮಾತ್ರೆ ನುಂಗಿ ಮಲಗಿದ್ದಳು. ಮಗು ಹಾಲು ಕುಡಿದು ರಮಾಬಾಯಿಯ ತೊಡೆಯ ಮೇಲಿತ್ತು. ಗುರುಗಳ ಬೃಂದಾವನದ ಮೃತ್ತಿಕೆಯ ಬೆಳ್ಳಿ ಕರಡಿಗೆ ಸೆರಗಿನ ಗಂಟಿನಲ್ಲಿತ್ತು. ಜ್ವರ, ಪರೀಕ್ಷೆ, ಮದುವೆ, ಮನೆ ಬದಲಿಸುವುದು, ಏನಿದ್ದರೂ ಆ ಮಣ್ಣನ್ನು ಚಿಟಿಕೆಯಷ್ಟು ನೀರಿನಲ್ಲಿ ಕಲಸಿ ನಾಲಿಗೆಗೆ ಹಚ್ಚದೆ ಅವಳ ಮನೆಯಲ್ಲಿ ಒಂದು ಕೆಲಸವೂ ನಡೆದದ್ದಿಲ್ಲ. ವಂಶಕ್ಕೆ ಬಂದ ಮಗುವಿನ ನಾಲಿಗೆಗೆ ಅದು ಬೀಳದೆ ಇರುವುದು ಹೇಗೆ? ವಾರ್ಡಿನ ಬಾಗಿಲಲ್ಲಿ ಚೀಲ ತಡಕಿ ಸೀಸೆ, ಹಾಲುಪುಡಿ, ಜೇನು ಇದೆಯೇ ಎಂದು ನೋಡುತ್ತಿದ್ದರು. ತಾಯಿಯ ಹಾಲು ಬಿಟ್ಟು ಒಂದು ತೊಟ್ಟೂ ಕೊಡಬಾರದೆಂದು ಗೋಡೆಯ ಮೇಲೆ ಚಿತ್ರ ಅಂಟಿಸಿದ್ದರು. ಅದೆಲ್ಲ ಹಾಲುಪುಡಿಯವರಿಗೆ ಹೇಳಿದ ಮಾತು, ಗುರುಗಳಿಗೆ ಹೇಳಿದ್ದಲ್ಲ ಎಂದುಕೊಂಡಿದ್ದಳು. ಇನ್ನು ನೀರು. ವಾರ್ಡಿನ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಇತ್ತು. ಅದಕ್ಕೆ ಯಾರ್ಯಾರೋ ಕಚ್ಚಿ ಕುಡಿದ ಲೋಟ ಒಡ್ಡುತ್ತಿದ್ದರು; ಪಕ್ಕದ ಮಂಚದ ಬಾಣಂತಿಯ ತಾಯಿ, ಕಾಸಿಮೇಡಿನ ಮುದುಕಿ, ಮೀನು ಮುಟ್ಟಿದ ಕೈಯಲ್ಲೇ ಅದರ ಮೂತಿ ಒತ್ತುತ್ತಿದ್ದಳು. ಎಂಜಲು ನೀರಿನಲ್ಲಿ ಮೃತ್ತಿಕೆ ಕಲಸುವುದೇ? ಅವಳು ಬಟ್ಟೆ ಒಗೆಯುವ ಕಡೆಗೆ ಹೋಗಿ ಕೊಳಾಯಿ ತಿರುಗಿಸಿದ್ದಳು. ಹರಿಯುವ ನೀರಿಗೆ ಮೈಲಿಗೆಯಿಲ್ಲ. ಅಂಗೈಯಲ್ಲಿ ನಾಲ್ಕು ಹನಿ ಹಿಡಿದು ಮಣ್ಣು ಕಲಸಿ, ಕಿರುಬೆರಳಿಗಿಂತ ದಪ್ಪವಿಲ್ಲದ ಆ ನಾಲಿಗೆಗೆ ಹಚ್ಚಿದ್ದಳು.

ಅಷ್ಟಕ್ಕೇ ಕೈ ತೆಗೆಯಬೇಕಿತ್ತು. ಮಗು ಬೆರಳನ್ನು ಹಿಡಿದುಕೊಂಡಿತು. ಹಲ್ಲಿಲ್ಲದ ವಸಡಿನಲ್ಲಿ ಒತ್ತಿ, ನಾಲಿಗೆಯನ್ನು ದೊನ್ನೆಯ ಹಾಗೆ ಮಡಿಸಿ ಚೀಪಿತು. ಅಷ್ಟು ಸಣ್ಣ ಬಾಯಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೆ! ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಯಾರೋ ದಾರ ಕಟ್ಟಿ ಎಳೆದಂತಾಯಿತು. ರಮಾಬಾಯಿ ಸೊಸೆಯ ಕಡೆ ನೋಡಿದಳು. ಮಲಗಿದ್ದಾಳೆ. ಬೆರಳು ತೆಗೆಯಲಿಲ್ಲ. ಮೃತ್ತಿಕೆ ಎಂದೋ ಕರಗಿಹೋಗಿತ್ತು. ಆಮೇಲೆ ಮಗು ಚೀಪಿದ್ದು ಗುರುಗಳನ್ನಲ್ಲ. ಈಗ ಬಟ್ಟೆ ಮಡಿಸುತ್ತ ನಿಂತವಳಿಗೆ, ಮಣ್ಣಿಗಿಂತ ನೀರಿಗಿಂತ, ಆ ಆಮೇಲಿನ ಹೊತ್ತೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಶ್ರೀಪ್ರಿಯಾ ಕಾಯಲಿಲ್ಲ, ತಾನೇ ಗಂಟೆ ಒತ್ತಿದಳು. ಸುಮತಿ ಬಂದಳು. ಈ ವಾರ್ಡಿನ ನರ್ಸುಗಳಲ್ಲಿ ಹಾಲೂಡಿಸುವುದನ್ನು ಹೇಳಿಕೊಡುವವಳು ಅವಳು. ತಿರುವೊಟ್ಟಿಯೂರಿನ ಹುಡುಗಿ, ಮಾತಾಡಿದರೆ ಜಗಳಕ್ಕೆ ನಿಂತ ಹಾಗಿರುತ್ತದೆ, ಕೈ ಮಾತ್ರ ಮೆತ್ತಗೆ. ಮಗುವಿಗೆ ಸುತ್ತಿದ ಬಟ್ಟೆ ಬಿಚ್ಚಿದಳು, ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಮಗು ಮುಖ ಕಿವುಚಿ ಮತ್ತೆ ಸಡಿಲಾಯಿತು. ಸೊಸೆಯ ರವಿಕೆ ಸರಿಸಿ ಬರಿಮೈಗೆ ಬರಿಮೈ ತಾಗಿಸಿ ಮಲಗಿಸಿದಳು. ತಮಿಳಿನಲ್ಲಿ, "ಅವಸರ ಬೇಡಮ್ಮ. ಮೂಗು ತೊಟ್ಟಿನ ನೇರಕ್ಕೆ ಬರಲಿ. ತುಟಿಗೆ ಸವರು. ಬಾಯಿ ಆಕಳಿಸೋವಷ್ಟು ದೊಡ್ಡದಾದಾಗ ಮಗೂನ ಎದೆಗೆ ತಾ, ಎದೇನ ಮಗು ಕಡೆ ಬಗ್ಗಿಸಬೇಡ," ಎನ್ನುತ್ತ ತನ್ನ ಅಂಗೈಯನ್ನು ಸೊಸೆಯ ಮೊಲೆಯ ಕೆಳಗೆ ಆನಿಸಿದಳು. ಎರಡು ಹನಿ ಹಳದಿ ಹಾಲು ಮಗುವಿನ ತುಟಿಯ ಮೇಲೆ ಬಿದ್ದು, ಒಳಗೆ ಹೋಗದೆ, ಗಲ್ಲದ ಮೇಲೆ ಇಳಿಯಿತು.

ಆ ಹಳದಿ ಹಾಲು. ಮಗ ಮುರಳೀಧರ ಹುಟ್ಟಿದಾಗ ರಮಾಬಾಯಿಗೂ ಹಾಗೇ ಬಂದಿತ್ತು. ಕೆಟ್ಟ ಹಾಲು ಎಂದು ಅತ್ತೆ ನಾಗರತ್ನಮ್ಮ ಬಟ್ಟಲಿಗೆ ಹಿಂಡಿಸಿ ಬಚ್ಚಲಿಗೆ ಚೆಲ್ಲಿಸಿದ್ದಳು. ಒಳ್ಳೆಯ ಹಾಲು ಬರಲಿ ಎಂದು ಕಾಯುತ್ತಿದ್ದಾಗ ಎದೆ ಕಲ್ಲಾಗಿ, ಜ್ವರ ಬಂದು, ಆಮೇಲೆ ಒಂದು ಬೆಳಗ್ಗೆ ಏನೂ ಇಲ್ಲವಾಯಿತು. ಡಬ್ಬಿ ಹಾಲು ಬಂತು. ನಾಗರತ್ನಮ್ಮ ನೆಂಟರ ಮುಂದೆ, "ನಮ್ಮ ರಮೆಗೆ ಮೈ ಇದೆ, ಹಾಲಿಲ್ಲ," ಎಂದು ನಗುತ್ತಿದ್ದಳು. ರಮಾಬಾಯಿಯೂ ನಗಬೇಕಿತ್ತು, ನಗುತ್ತಿದ್ದಳು. ಆಗ ಯಾವ ಸುಮತಿಯೂ ಬಂದು ಎದೆಯ ಕೆಳಗೆ ಅಂಗೈ ಆನಿಸಿರಲಿಲ್ಲ. ಮೂಗು ತೊಟ್ಟಿನ ನೇರಕ್ಕೆ ಬರಬೇಕಂತೆ. ಅಷ್ಟೇ ಅಂತೆ. ಮೊನ್ನೆ ಸೊಸೆಯ ಎದೆಯನ್ನು ಮೊದಲ ಸಲ ಮಗು ಕಚ್ಚಿಕೊಂಡು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿದಾಗ ವಾರ್ಡಿನವರೆಲ್ಲ ಕಣ್ಣು ತುಂಬಿಕೊಂಡಿದ್ದರು, ಅವಳೂ ತುಂಬಿಕೊಂಡಿದ್ದಳು. ಅದು ಎಂಥ ನೀರು ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಹಾಗಾದರೆ ನಿನ್ನೆ ಕರಡಿಗೆ ಬಿಚ್ಚಿದ್ದು ಯಾಕೆ? ಮಗುವಿಗೆ ಆಯುಸ್ಸು ಬರಲಿ ಎಂದೋ, ಆ ಬಾಯಿಗೆ ತನ್ನದೂ ಏನಾದರೂ ಹೋಗಲಿ ಎಂದೋ? ಪ್ರಶ್ನೆಯನ್ನು ಮುಗಿಸಲು ಬಿಡದೆ ಮನಸ್ಸು ಸ್ತೋತ್ರದ ಮೊದಲ ಸಾಲನ್ನು ಹಿಡಿಯಿತು. ಎರಡನೆಯ ಸಾಲು ಬರಲಿಲ್ಲ. ದಿನಾ ಹೇಳುವ ಸ್ತೋತ್ರ. ಯಾರನ್ನು ಕರೆಯುತ್ತಿದ್ದೇನೆ, ಯಾವುದರಿಂದ ಕಾಪಾಡು ಎಂದು ಕರೆಯುತ್ತಿದ್ದೇನೆ ಎಂಬುದು ನೆನಪಾಗಿ ನಾಲಿಗೆ ನಿಂತಿತು.

"ಪಾಟಿ," ಎಂದು ಸುಮತಿ ಅಜ್ಜಿಯ ಕಡೆ ತಿರುಗಿದಳು. "ಮಗೂಗೆ ಏನಾದ್ರೂ ಕೊಟ್ರಾ? ಸಕ್ಕರೆ ನೀರು, ಜೇನು, ಕಷಾಯ, ಗ್ರೈಪ್ ವಾಟರ್?"

"ಇಲ್ಲಮ್ಮಾ," ಎಂದಳು ರಮಾಬಾಯಿ. ಹೇಳಿದ್ದು ಸುಳ್ಳಲ್ಲ. ಅವಳು ಹೆಸರಿಸಿದ್ದರಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಪಕ್ಕದ ಮಂಚದಲ್ಲಿ ಕಾಸಿಮೇಡಿನ ಎಸ್ತರ್ ಮಗನಿಗೆ ಹಾಲೂಡಿಸುತ್ತಿದ್ದಳು. ಆ ಗಂಡು ಮಗು ಹಂದಿಮರಿಯ ಹಾಗೆ ಸದ್ದು ಮಾಡಿಕೊಂಡು ಕುಡಿಯುತ್ತಿತ್ತು. ಎಸ್ತರಳ ತಾಯಿ ಕಾಲು ಚಾಚಿ ಕೂತು ಎಲೆ ಅಡಿಕೆ ಇಲ್ಲದ ಬಾಯನ್ನು ಸುಮ್ಮನೆ ಆಡಿಸುತ್ತಿದ್ದಳು. "ಮಾಮಿ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ," ಎಂದಳು. "ನಿಮ್ಮ ಸೊಸೆಗೆ ಒಂದು ದಿನ ಸೊರಮೀನಿನ ಪುಟ್ಟು ತಿನ್ನಿಸಿ ನೋಡಿ. ಕಣ್ಣು ಮುಚ್ಕೊಂಡು ತಿನ್ಲಿ, ಬದನೆಕಾಯಿ ಅಂದ್ಕೊಂಡು. ಹಾಲು ಪಂಪ್‌ಸೆಟ್ ಥರ ಬರುತ್ತೆ. ನಿಮ್ಮ ಹೆಣ್ಣು ಕೊಳಂದೆ ಎದ್ದು ಕೂತ್ಕೊಂಡು ಕುಡಿಯುತ್ತೆ."

"ಸುಮ್ನಿರಮ್ಮಾ," ಎಂದಳು ಎಸ್ತರ್. "ಅವರ ಮನೇಲಿ ಬೆಳ್ಳುಳ್ಳೀನೇ ಹಾಕಲ್ವಂತೆ."

"ಬೆಳ್ಳುಳ್ಳೀನೂ ಇಲ್ವಾ? ಹಾಗಾದ್ರೆ ಪಾಪ, ಹಾಲಿಗೆ ಯಾವ ದಾರಿ?"

ಬೇರೆ ದಿನವಾಗಿದ್ದರೆ ರಮಾಬಾಯಿ ಮುಖ ತಿರುಗಿಸುತ್ತಿದ್ದಳು. ಇವತ್ತು ನಗಲು ಹೋದಳು. ಆ ಹೆಂಗಸಿನ ಕಣ್ಣು ತನ್ನ ಸೆರಗಿನ ಗಂಟಿನ ಮೇಲಿದೆ ಎನ್ನಿಸಿತು. ನಿನ್ನೆ ಮಧ್ಯಾಹ್ನ ಇವಳು ಮಲಗಿದ್ದಳೇ, ಎದ್ದಿದ್ದಳೇ? ನೋಡಿದ್ದರೆ ಈಗಲೇ ಹೇಳಿಬಿಡಲಿ ಎಂದೂ, ಹೇಳದಿರಲಿ ಎಂದೂ ಒಟ್ಟಿಗೇ ಅನ್ನಿಸಿತು.

ಸುಮತಿ ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟಳು, ತೆಗೆದು ನೋಡಿದಳು, ಡಾಕ್ಟರನ್ನು ಕರೆಯಲು ಹೋದಳು. ಡಾಕ್ಟರ್ ಬಂದಳು, ಮುರಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ, ಕೂದಲು ಇನ್ನೂ ಒದ್ದೆ. ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದಾಗಲೂ ಮಗು ಕೂಗಲಿಲ್ಲ, ಕೀರಲು ದನಿಯೊಂದು ಹೊರಬಂದು ನಿಂತುಹೋಯಿತು. ಸಕ್ಕರೆ ಇಳಿದಿದೆ, ಜ್ವರ ಇದೆ, ಮಕ್ಕಳ ಐಸಿಯುಗೆ ಒಯ್ಯುತ್ತೇವೆ, ಸೋಂಕು ಇದೆಯೇ ನೋಡಬೇಕು ಎಂದಳು. ಶ್ರೀಪ್ರಿಯಾ ಹೊಟ್ಟೆಯ ಹೊಲಿಗೆ ಮರೆತು ಎದ್ದು ಕೂರಲು ಹೋಗಿ ನೋವಿಗೆ ಮತ್ತೆ ದಿಂಬಿಗೆ ಬಿದ್ದಳು. "ನಿನ್ನೆವರೆಗೂ ಚೆನ್ನಾಗಿ ಕುಡೀತಿದ್ಲು ಡಾಕ್ಟರ್. ನಾನೇ ಏನಾದ್ರೂ ತಪ್ಪು ಮಾಡಿದ್ನಾ? ನನ್ನ ಹಾಲೇ ಸಾಲ್ಲಿಲ್ವಾ?" ಎಂದು ಇಂಗ್ಲಿಷನ್ನೂ ತಮಿಳನ್ನೂ ಕಲಸಿ ಕೇಳಿದಳು. ಆ ಮಾತು ರಮಾಬಾಯಿಯ ಕಿವಿಗೆ ಬಿತ್ತು. ಮೈ ಇದೆ, ಹಾಲಿಲ್ಲ. ಈಗ ಇನ್ನೊಬ್ಬಳು ತನ್ನ ಎದೆಯನ್ನೇ ನೋಡಿಕೊಂಡು ಅಪರಾಧಿಯಾಗುತ್ತಿದ್ದಾಳೆ, ತಾನು ಇಲ್ಲಿ ಬಟ್ಟೆ ಹಿಡಿದು ನಿಂತಿದ್ದೇನೆ.

"ಬೇರೆ ಏನಾದ್ರೂ ಬಾಯಿಗೆ ಹಾಕಿದ್ರಾ?" ಎಂದು ಡಾಕ್ಟರೂ ಕೇಳಿದಳು. "ಏನೇ ಆಗಿರಲಿ, ಹೇಳಿ."

"ಮೃತ್ತಿಕೆ," ಎಂದಳು ರಮಾಬಾಯಿ. ದನಿ ಹೊರಗೆ ಬಂತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಹೇಳಿದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ತಮಿಳಿನಲ್ಲಿ ಅದಕ್ಕೆ ಏನೆನ್ನಬೇಕು? ಪ್ರಸಾದ ಎಂದಳು, ಬೃಂದಾವನ ಎಂದಳು, ಕೊನೆಗೆ ಬೇರೆ ಮಾತಿಲ್ಲದೆ, "ಮಣ್ಣು" ಎಂದಳು. ಇಷ್ಟು ವರ್ಷದ ಬದುಕಿನಲ್ಲಿ ಅದನ್ನು ಮಣ್ಣು ಎಂದದ್ದು ಅದೇ ಮೊದಲು.

ಯಾರೂ ಕೂಗಾಡಲಿಲ್ಲ. ಡಾಕ್ಟರ್ ತಲೆಯಾಡಿಸಿದಳು. "ಹೋದ ವಾರ ಒಬ್ಬರು ಕತ್ತೆ ಹಾಲು ತಂದಿದ್ರು ಮೇಡಂ," ಎಂದಳು ಸುಮತಿ, ಮಗುವಿಗೆ ಬಟ್ಟೆ ಸುತ್ತುತ್ತ. ಅವಳ ದನಿಯಲ್ಲಿ ಗೇಲಿಯೂ ಇರಲಿಲ್ಲ. ಕತ್ತೆಯ ಹಾಲು, ಗುರುಗಳ ಮೃತ್ತಿಕೆ. ಸಂತೆಯಲ್ಲಿ ಒಂದರ ಪಕ್ಕ ಒಂದು ಇಟ್ಟ ಹಾಗೆ. ಬೈದಿದ್ದರೆ ರಮಾಬಾಯಿ ಗುರುಗಳ ಪರವಾಗಿ ನಿಲ್ಲಬಹುದಿತ್ತು.

"ಯಾವುದರಲ್ಲಿ ಕಲಸಿದ್ರಿ? ನೀರು ಯಾವುದು?"

"ಅದೇ, ಕ್ಯಾನ್ ನೀರು."

ಬಾಯಿ ತಾನಾಗಿ ಹೇಳಿತು. ಅರ್ಧ ಹೇಳಿದ ಮೇಲೆ ಉಳಿದರ್ಧಕ್ಕೆ ಇಷ್ಟು ಬೇಗ ಸುಳ್ಳು ಹುಟ್ಟುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಶ್ರೀಪ್ರಿಯಾ ಅವಳನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸುಮತಿ ಮಗುವನ್ನು ಎತ್ತಿಕೊಂಡು ಡಾಕ್ಟರ್ ಹಿಂದೆ ನಡೆದಳು. ಬಟ್ಟೆಯ ಗಂಟಿನಿಂದ ಒಂದು ಕಾಲು ಹೊರಗೆ ಇಳಿಬಿದ್ದಿತ್ತು. ಹಿಮ್ಮಡಿಯಲ್ಲಿ ಹತ್ತಿ. ಆ ಕಾಲು ಅಲ್ಲಾಡುತ್ತಿದ್ದುದು ಸುಮತಿಯ ನಡಿಗೆಗೆ ಮಾತ್ರ.

ರಮಾಬಾಯಿ ಓಡಿದಳು. ಚಪ್ಪಲಿ ಮೆಟ್ಟದೆ ಆಸ್ಪತ್ರೆಯ ನೆಲವನ್ನು ತುಳಿಯುವವಳಲ್ಲ, ಈಗ ಬರಿಗಾಲಿನಲ್ಲಿದ್ದಳು. ಕಾರಿಡಾರಿನಲ್ಲಿ ಒರೆಸುತ್ತಿದ್ದವನ ಬಕೆಟ್ಟು ಎಡವಿ, ಗೊಣಗು ಕೇಳಿಸಿಕೊಂಡು, ಬಾಗಿಲು ಮುಚ್ಚುವ ಮೊದಲು ಡಾಕ್ಟರಳ ಬಿಳಿ ಕೋಟನ್ನು ಹಿಡಿದುಕೊಂಡಳು. "ಕ್ಯಾನ್ ನೀರಲ್ಲ ಕಣಮ್ಮಾ. ಕೊಳಾಯಿದು. ಬಟ್ಟೆ ಒಗೆಯೋ ಕಡೆದು. ಬೆರಳೂ ಇಟ್ಟಿದ್ದೆ ಬಾಯಲ್ಲಿ. ತುಂಬಾ ಹೊತ್ತು."

ಡಾಕ್ಟರ್ ಕೋಟನ್ನು ಬಿಡಿಸಿಕೊಳ್ಳಲಿಲ್ಲ. "ಸರಿ," ಎಂದಳು.

"ಅದರಿಂದಾನೇ ಆಯ್ತಾ?"

"ಅದರಿಂದಾನೇ ಅಂತ ಹೇಳೋಕೆ ಆಗಲ್ಲ ಪಾಟಿ. ಹಾಲು ಸರಿಯಾಗಿ ಹೋಗದೆ ಇದ್ರೂ ಹೀಗಾಗುತ್ತೆ, ಹುಟ್ಟುವಾಗಲೇ ಸೋಂಕು ತಗುಲಿದ್ರೂ ಆಗುತ್ತೆ. ಅದರಿಂದ ಅಲ್ಲ ಅಂತಾನೂ ಹೇಳೋಕೆ ಆಗಲ್ಲ. ಹೋಗಿ, ನಿಮ್ಮ ಸೊಸೆ ಹಾಲು ಹಿಂಡಿ ಕಳಿಸ್ಲಿ. ಈಗ ಅದು ಬೇಕು."

ಬಾಗಿಲು ಮುಚ್ಚಿತು. ಹೌದು ಎಂದಿದ್ದರೆ ಅಲ್ಲೇ ಕುಸಿದು ಕೂರಬಹುದಿತ್ತು. ಅಲ್ಲ ಎಂದಿದ್ದರೆ ಅತ್ತು ಹಗುರಾಗಬಹುದಿತ್ತು. ಈ ಎರಡರ ನಡುವೆ ನಿಲ್ಲುವುದಕ್ಕೆ ಯಾವ ಭಂಗಿಯೂ ತೋಚದೆ ಅವಳು ಗೋಡೆ ಹಿಡಿದು ವಾಪಸು ನಡೆದಳು. ಮುರಳಿಯನ್ನು ಔಷಧಿಗೆಂದು ಕೆಳಗೆ ಓಡಿಸಿದ್ದರು; ಅವನು ಎದುರಾಗದಿರಲಿ ಎಂದು ಬೇಡಿಕೊಳ್ಳಬೇಕೆನ್ನಿಸಿತು. ಬೇಡಿಕೊಳ್ಳುವ ಜಾಗ ಖಾಲಿಯಿತ್ತು.

"ಡಾಕ್ಟರ್ ಹಿಂದೆ ಯಾಕೆ ಓಡಿದ್ರಿ?" ಎಂದಳು ಶ್ರೀಪ್ರಿಯಾ.

ರಮಾಬಾಯಿ ಹೇಳಿದಳು. ನೀರು, ಬೆರಳು, ಎಲ್ಲ. ಸೊಸೆ ಅಳಲಿಲ್ಲ. ಪರದೆಯನ್ನು ನೋಡುತ್ತ ಕೇಳಿದಳು: "ನಾನು ಎದ್ದಿದ್ರೆ ಕೊಡ್ತಿದ್ರಾ?"

"ಇಲ್ಲ."

"ಅಂದ್ರೆ ಗೊತ್ತಿತ್ತು ನಿಮಗೆ."

ಗೊತ್ತಿತ್ತೇ? ಅದನ್ನು ಗೊತ್ತಿರುವುದು ಎನ್ನುತ್ತಾರೆಯೇ? ಎಸ್ತರಳ ತಾಯಿ ಕೂಡ ಬಾಯಾಡಿಸುವುದನ್ನು ನಿಲ್ಲಿಸಿದ್ದಳು. "ಇವರಿಗೆ ನಾನು ಹೇಳಲ್ಲ," ಎಂದಳು ಶ್ರೀಪ್ರಿಯಾ, ಗಂಡನ ಮಾತೆತ್ತಿ. "ನೀವೇ ಹೇಳ್ಕೊಳ್ಳಿ. ಈಗ ಆ ಪರದೆ ಎಳೀರಿ."

ಸುಮತಿ ಮಗುವಿಗೆ ಹಾಲು ಕುಡಿಸುವ ಒಳಲೆಯೊಂದನ್ನು ನೀರಿನಲ್ಲಿ ಕುದಿಸಿ ತಂದಳು. ಸ್ಟೀಲಿನದು, ಚೂಪು ಮೂತಿಯದು, ಅವರು ಪಾಲಾಡೈ ಎನ್ನುತ್ತಾರೆ. ಸೊಸೆಯ ಬೆನ್ನನ್ನು ಉಜ್ಜಿದಳು, ಎದೆಯನ್ನು ಸುತ್ತಲಿಂದ ಒತ್ತುತ್ತ ಬಂದಳು. "ಮಗೂನ ನೆನೆಸ್ಕೋ, ಬರುತ್ತೆ. ಹೆದರಿದ್ರೆ ಹಾಲು ಒಳಗೇ ನಿಲ್ಲುತ್ತೆ," ಎಂದಳು. ಹೆದರದೆ ಇರುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಶ್ರೀಪ್ರಿಯಾ ತುಟಿ ಕಚ್ಚಿಕೊಂಡು ತನ್ನ ಕೈಯಿಂದಲೇ ಒತ್ತತೊಡಗಿದಳು. ಒಂದು ಹನಿ ಮುತ್ತುಗಟ್ಟಿ ನಿಂತಿತು, ಬಿತ್ತು. ಇನ್ನೊಂದು. ರಮಾಬಾಯಿ ಗೋಡೆಗೆ ಒರಗಿ ಆ ಸದ್ದಿಲ್ಲದ ಬೀಳುವಿಕೆಯನ್ನು ನೋಡುತ್ತಿದ್ದಳು. ಹೊಟ್ಟೆಕಿಚ್ಚಿಗಾಗಿ ಒಳಗೆಲ್ಲ ಹುಡುಕಿದಳು. ಅದು ಸುಟ್ಟುಹೋಗಿತ್ತೋ ಎಲ್ಲೋ ಅಡಗಿತ್ತೋ, ಸಿಗಲಿಲ್ಲ. ಒಳಲೆಯ ತಳ ಮುಚ್ಚಿತು. ಸುಮತಿಯನ್ನು ಬೇರೆ ಮಂಚದಿಂದ ಕರೆದರು. ಶ್ರೀಪ್ರಿಯಾ ನಿಲ್ಲಲಾರಳು. ಅವಳು ಒಳಲೆಯನ್ನು ಹಿಡಿದುಕೊಂಡು ಸುತ್ತ ಕಣ್ಣಾಡಿಸಿದಳು, ಎಸ್ತರಳ ತಾಯಿಯ ಮೇಲೂ ಒಂದು ಗಳಿಗೆ ಕಣ್ಣು ನಿಂತಿತು. ಆಮೇಲೆ ಅತ್ತೆಯ ಕಡೆಗೆ ಚಾಚಿದಳು. ಕೈಗೆ ಕೈ ತಾಗದ ಹಾಗೆ.

ಸ್ವಲ್ಪವೇ ಹಾಲು. ಕಾರಿಡಾರು ಉದ್ದವಾಯಿತು. ರಮಾಬಾಯಿ ಉಸಿರು ಹಾಲಿಗೆ ತಾಗದಂತೆ ಮುಖವನ್ನು ಒಂದು ಕಡೆಗೆ ತಿರುಗಿಸಿಕೊಂಡು ನಡೆದಳು. ದಾರಿ ಕಾಣುತ್ತಿರಲಿಲ್ಲ. ಎದುರಿಗೆ ಬಂದವರಿಗೆಲ್ಲ, "ಸರಿಯಿರಿ, ಸರಿಯಿರಿ," ಎಂದಳು. ಮಡಿಯುಟ್ಟು ನೈವೇದ್ಯದ ಪಾತ್ರೆ ಹಿಡಿದು ನಡೆದ ದಿನಗಳಲ್ಲಿ ಬೇರೆಯವರು ತನ್ನನ್ನು ಮುಟ್ಟಿಯಾರೆಂಬ ಹೆದರಿಕೆಯಿರುತ್ತಿತ್ತು. ಈಗ ಈ ಪಾತ್ರೆಯ ಹತ್ತಿರ ಇರುವ ಕೊಳೆ ಎಂದರೆ ತಾನೇ. ತನ್ನಿಂದ ಸರಿದು ನಡೆಯುವುದು ಹೇಗೆ? ಹೆಬ್ಬೆರಳು ಒಳಲೆಯ ಅಂಚಿನ ಒಳಗೆ ಜಾರುತ್ತಿದೆ ಎನ್ನಿಸಿ ಎರಡು ಸಲ ನಿಂತಳು. ಜಾರಿರಲಿಲ್ಲ.

ಐಸಿಯುವಿನ ಬಾಗಿಲಲ್ಲಿ ಬೇರೊಬ್ಬ ನರ್ಸ್. "ಶ್ರೀಪ್ರಿಯಾ ಬೇಬಿದಾ? ನೀವು ಯಾರು, ಪಾಟಿಯಾ?"

"ಹಾಲು ತಂದುಕೊಡೋಕೆ ಬಂದವಳು," ಎಂದಳು ರಮಾಬಾಯಿ.

ಗಾಜಿನಾಚೆ ಮಗು ಮಲಗಿತ್ತು. ಕೈಗೆ ಸೂಜಿ, ಸೂಜಿಗೆ ಕಟ್ಟಿದ ಹಲಗೆ ಕೈಗಿಂತ ದೊಡ್ಡದು. ನರ್ಸ್ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಂದಳು. ರಮಾಬಾಯಿಯ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಮುಚ್ಚಿದ ಕಣ್ಣೊಳಗೆ ಹಾಲು ಗಲ್ಲದ ಮೇಲೆ ಇಳಿಯುತ್ತಲೇ ಇತ್ತು. ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. ಅದು ತನ್ನ ಮಗುವಿನದ್ದೋ ಇನ್ನೊಂದರದ್ದೋ ತಿಳಿಯುವಂತಿರಲಿಲ್ಲ. ತೆರೆಯಬೇಕು ಎಂದುಕೊಂಡಳು. ರೆಪ್ಪೆಗಳನ್ನು ಯಾರೋ ಹೊಲಿದುಬಿಟ್ಟಿದ್ದರು.

ಬಾಗಿಲು ಸರಿದ ಸದ್ದಾಯಿತು. ನರ್ಸ್ ಖಾಲಿ ಒಳಲೆಯನ್ನು ಕೈಗಿಟ್ಟಳು. "ಕುಡಿದ್ಲು. ಇನ್ನೂ ತನ್ನಿ." ಅಷ್ಟೇ ಹೇಳಿ ಒಳಗೆ ಹೋದಳು.

ವಾರ್ಡಿಗೆ ಬಂದಾಗ ಶ್ರೀಪ್ರಿಯಾ ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಕುಡಿದ್ಲಾ?"

"ಕುಡಿದ್ಲಂತೆ."

"ಅಂತೆ ಅಂದ್ರೆ? ನೀವು ನೋಡ್ಲಿಲ್ವಾ? ನುಂಗಿದ್ದು ನೋಡಿದ್ರಾ ನೀವು?"

ನೋಡಿದೆ ಎಂದುಬಿಡಬಹುದು. ಎಷ್ಟು ಸುಲಭದ ಮಾತು. ಆ ಮುಖಕ್ಕೆ ಈಗ ಅದೊಂದು ಮಾತೇ ಬೇಕಾಗಿದೆ, ಅದರಿಂದ ಹಾಲೂ ಇಳಿದೀತು. ಕಂಡವಳ ಹಾಗೆ ಹೇಳಬಹುದು: ಗಂಟಲು ಹೀಗೆ ಆಡಿತು, ತುಟಿ ಹೀಗೆ ಚಪ್ಪರಿಸಿತು. ನಾಲಿಗೆಯ ತುದಿಗೆ ಬಂದುದನ್ನು ರಮಾಬಾಯಿ ಅಲ್ಲೇ ಹಿಡಿದಳು.

"ಇಲ್ಲ. ಹೆದರಿಕೆಯಾಯ್ತು. ಕಣ್ಣು ಮುಚ್ಕೊಂಡಿದ್ದೆ."

ಶ್ರೀಪ್ರಿಯಾ ಒಳಲೆಗೆ ಕೈ ಚಾಚಿದಳು, ತೊಳೆಯಲು ಸುಮತಿ ಇಟ್ಟುಹೋಗಿದ್ದ ಬಿಸಿನೀರಿನ ಪಾತ್ರೆಗೆ ಹಾಕಿದಳು, ಸೆರಗು ಸರಿಸಿ ಇನ್ನೊಂದು ಎದೆಯನ್ನು ಬಿಡಿಸಿಕೊಂಡಳು.

"ಈ ಸಲ ಕಣ್ಣು ಬಿಟ್ಕೊಂಡು ನಿಂತ್ಕೊಳ್ಳಿ," ಎಂದಳು. "ನೋಡಿ ಬಂದು ಹೇಳಿ."